ನನಗಿಲ್ಲದ ಸಕ್ಕರೆ ಕಾಯಿಲೆ

ನನ್ನ ಕಾಲಿಗೆ ಹತ್ತು ಬೆರಳಿವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೊಸಪೇಟೆಯ ನಮ್ಮ ಓಣಿಯಲ್ಲಿ ಒಂಬತ್ತೇ ಎಂದು ನಂಬಿದವರು ಈಗಲೂ ಇದ್ದಾರೆ. ವಿಮೆ ಕಂಪನಿಯವರು ವಿಚಾರಣೆಗೆಂದು ಕಳಿಸಿದ ಮನುಷ್ಯನ ಎದುರು ನಾನು ಚಪ್ಪಲಿ ಬಿಟ್ಟು, ಎರಡೂ ಪಾದ ಸ್ಟೂಲಿನ ಮೇಲಿಟ್ಟು, "ಎಣಿಸ್ರಿ" ಅಂದೆ. ಆತ ಪೆನ್ನಿನ ತುದಿಯಲ್ಲಿ ಒಂದೊಂದನ್ನೇ ತೋರಿಸುತ್ತ ಎಣಿಸಿದ. ಎಡಗಾಲಿನ ಕಿರುಬೆರಳಿನ ಬಗ್ಗೆ ಅನುಮಾನ ಬಂದು ಎರಡನೇ ಸಲ ಎಣಿಸಿದ. ಆಮೇಲೆ ಬರೆದುಕೊಂಡ. ಅರವತ್ತು ದಾಟಿದ ಹೆಂಗಸು ಪರದೇಶಕ್ಕೆ ಹೋಗಿ ಇರಬೇಕೆಂದರೆ ಕಾಲ್ಬೆರಳು ಎಣಿಸಿಕೊಡಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ.

ನಾನು ಸರ್ಕಾರಿ ನರ್ಸು. ಆಸ್ಪತ್ರೆಯೊಳಗೆ ಫ್ಯಾನಿನ ಕೆಳಗೆ ಓಡಾಡುವ ನರ್ಸಲ್ಲ. ಹೆಗಲಿಗೆ ಲಸಿಕೆ ಡಬ್ಬಿ ನೇತುಹಾಕಿಕೊಂಡು ಮನೆಮನೆಯ ಬಾಗಿಲು ಬಡಿಯುವ ನರ್ಸು. ಎಮ್ಮಿಗನೂರು ಮತ್ತು ಕಂಪ್ಲಿಯ ಸುತ್ತಮುತ್ತ ಮೂವತ್ತು ವರ್ಷದ ಮೇಲೆ ಅದೇ ಕೆಲಸ ಮಾಡಿದೆ. ನನ್ನ ಗಂಡ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಹೊಸಪೇಟೆಯಿಂದ ಕಮಲಾಪುರ ದಾಟಿ ಕಂಪ್ಲಿಗೆ ಹೋಗುವ ಬಸ್ಸು. ಬೆಳಿಗ್ಗೆ ಅವರ ಬಸ್ಸಿನಲ್ಲೇ ಹೋಗಿ ಸಂಜೆ ಅವರ ಬಸ್ಸಿನಲ್ಲೇ ಬರುತ್ತಿದ್ದೆ. ಅಷ್ಟೂ ವರ್ಷ ಕಂಡಕ್ಟರ್ ಕಡೆಯಿಂದ ನನಗೆ ಟಿಕೆಟ್ ಹರಿಸಿದ ಪ್ರಾಮಾಣಿಕ ಮನುಷ್ಯ ಅವರು. ಪ್ರಾಮಾಣಿಕತೆ ಒಳ್ಳೆಯದೇ, ಆದರೆ ಹಬ್ಬದ ದಿನವಾದರೂ ಬಿಡಬಾರದೇ?

ಈ ಮನುಷ್ಯ ನಿವೃತ್ತಿಯಾದ ಮೇಲೆ ಒಮ್ಮೆ ಯಾತ್ರೆಗೆಂದು ಶ್ರೀಲಂಕಾಕ್ಕೆ ಹೋಗಿಬಂದರು. ನಾವು ಬೌದ್ಧರು, ನನ್ನ ಮಾವನ ಕಾಲದಲ್ಲೇ ಆದವರು. ಅಲ್ಲಿ ಸಮುದ್ರದ ದಂಡೆಯಲ್ಲಿ ಒಂದು ವಿಹಾರವಿದೆಯಂತೆ, ಅದಕ್ಕೆ ಹೊಂದಿಕೊಂಡು ವಯಸ್ಸಾದವರಿಗೆ ಕೋಣೆಗಳಿವೆಯಂತೆ, ಪರದೇಶದವರೂ ಇರಬಹುದಂತೆ. ತುಂಗಭದ್ರೆಯ ಡ್ಯಾಮೇ ಸಮುದ್ರ ಎಂದುಕೊಂಡು ಬೆಳೆದ ಮನುಷ್ಯ ನಿಜವಾದ ಸಮುದ್ರ ನೋಡಿ ಬಂದು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ ಹೇಳಿದರು: "ಜೀವನಪೂರ್ತಿ ಅದ ರಸ್ತೆದಾಗ ಹೋಗಿ ಅದ ರಸ್ತೆದಾಗ ಬಂದೀನಿ. ಇನ್ನ ಒಂದೆರಡು ವರ್ಷ ಆ ದಂಡಿ ಮ್ಯಾಲ ಕುಂದ್ರೋಣು. ಏನಂತೀ?"

ನಾನು ಏನನ್ನಲಿ? ಬಟ್ಟೆ ಗಂಟು ಕಟ್ಟಲು ಆಗಲೇ ಮನಸ್ಸು ಮಾಡಿದ್ದೆ. ನನಗೆ ಸಮುದ್ರದ ಹುಚ್ಚಿರಲಿಲ್ಲ. ನಮ್ಮ ಓಣಿಯಲ್ಲಿ ನಾನು ಅನ್ನಕ್ಕೆ ಕೈ ಹಾಕಿದ ಹೊತ್ತಿಗೇ ಯಾರಾದರೂ ಬಂದು, "ಸಿಸ್ಟರ್, ಬಿಪಿ ನೋಡ್ತೀರೇನು?" ಎಂದು ತೋಳು ಚಾಚುತ್ತಾರೆ. ಯಾರೂ ನನ್ನನ್ನು ಸಿಸ್ಟರ್ ಅನ್ನದ ಒಂದು ಊರಿನಲ್ಲಿ, ಬಿಸಿ ಇರುವಾಗಲೇ ಊಟ ಮುಗಿಸಬೇಕು ಎನ್ನುವುದು ನನ್ನ ಆಸೆ. ಗಂಗಾವತಿಯಲ್ಲಿರುವ ಮಗಳಿಗೆ ಫೋನ್ ಮಾಡಿದರೆ ಅವಳು, "ಹೋಗ್ರಿ ಹೋಗ್ರಿ, ರಜಾದಾಗ ನಾವೂ ಬರ್ತೀವಿ" ಅಂದಳು. ವಿಹಾರದವರು ಒಂದು ಕೋಣೆ ತೆಗೆದಿಟ್ಟರು. ಆದರೆ ಒಂದೂವರೆ ತಿಂಗಳೊಳಗೆ ಇಬ್ಬರ ಆರೋಗ್ಯ ವಿಮೆಯ ಕಾಗದ ತಲುಪಬೇಕು, ಇಲ್ಲದಿದ್ದರೆ ಕೋಣೆ ಬೇರೆಯವರಿಗೆ ಎಂದು ಬರೆದರು.

ವಿಮೆ ಮಾಡಿಸಲು ಸಂಡೂರಿನಿಂದ ಒಬ್ಬ ಏಜೆಂಟಮ್ಮ ಬಂದಳು. ಅಲ್ಲೇ ಹತ್ತಿರದ ವಡ್ಡು ಎಂಬ ಊರಿನವಳು. ಮೊದಲು ಅಲ್ಲಿಯ ಕಾರ್ಖಾನೆ ಆಫೀಸಿನಲ್ಲಿದ್ದವಳು, ಧೂಳು ಸಾಕಾಗಿ ಈ ಕೆಲಸಕ್ಕೆ ಬಂದಿದ್ದಳು. ಭಾಳ ಚುರುಕು. ನಮ್ಮ ಪಿಂಚಣಿಯ ಜೊತೆಗಿದ್ದ ಆರೋಗ್ಯ ಕಾರ್ಡನ್ನು ನಾನು ಹೆಮ್ಮೆಯಿಂದ ಮುಂದಿಟ್ಟರೆ ಅವಳು ಎರಡೂ ಬದಿ ತಿರುಗಿಸಿ ನೋಡಿ, "ಇದು ಸಮುದ್ರ ದಾಟಂಗಿಲ್ರಿ ಸಿಸ್ಟರ್. ಇಲ್ಲೇ ಬೀರುವಿನಾಗ ಇಡ್ರಿ" ಅಂದಳು. ಹಲ್ಲಿನ ಖರ್ಚು ಕೊಡುವುದಿಲ್ಲ. ಆಸ್ಪತ್ರೆ ಬಿಲ್ಲಿನಲ್ಲಿ ಮೊದಲ ತುಂಡು ನಾವೇ ಕಟ್ಟಬೇಕು, ಉಳಿದದ್ದು ಅವರು. ಗುಳಿಗೆಯ ಕಂಪನಿ ಹೆಸರು ಅಲ್ಲಿ ನಡೆಯುವುದಿಲ್ಲ, ಒಳಗಿನ ಔಷಧದ ಹೆಸರು ಬರೆಸಿಕೊಂಡು ಹೋಗಬೇಕು. ಎಲ್ಲಕ್ಕಿಂತ ಮುಖ್ಯ, ಮೊದಲಿನಿಂದ ಇರುವ ಕಾಯಿಲೆ ಮುಚ್ಚಿಟ್ಟರೆ ನಾಳೆ ಒಂದು ಪೈಸೆಯೂ ಬರುವುದಿಲ್ಲ.

ಗಂಡನಿಗೆ ಗೊತ್ತಿದ್ದ ವಿಮೆ ಬಸ್ಸಿನದು ಒಂದೇ.

"ನಮಗ ಥರ್ಡ್ ಪಾರ್ಟಿ ಸಾಕಲ್ಲವಾ?" ಎಂದು ಕೇಳಿದರು.

"ಮನಿಷ್ಯಾರಿಗೆ ಥರ್ಡ್ ಪಾರ್ಟಿ ಇಲ್ರಿ ಅಂಕಲ್."

"ಮತ್ತ ಈ ಪುಟದಾಗ ಏನು ಬರ್ದೈತಿ?"

"ಅಲ್ಲೇ ತೀರ್ಕೊಂಡ್ರ ದೇಹ ಊರಿಗೆ ತರೋ ಖರ್ಚು ಕಂಪನೀದು."

ಗಂಡನ ಮುಖ ಅರಳಿತು. "ಮಸ್ತ್ ಐತಲ್ಲ! ಅಂದ್ರ ರಿಟರ್ನ್ ಟಿಕೀಟು ಕೊಟ್ಟಂಗ ಆತು."

"ತೀರ್ಕೊಂಡ್ರ ಮಾತ್ರ ರೀ."

"ಬದುಕಿದ್ರ?"

"ನಿಮ್ಮ ಖರ್ಚು."

ಈ ಅನ್ಯಾಯದ ಬಗ್ಗೆ ಅವರು ಸಂಜೆಯವರೆಗೂ ಗೊಣಗಿದರು. ನಾನು ಅರ್ಜಿ ತುಂಬಿದೆ. ಸಕ್ಕರೆ ಕಾಯಿಲೆ ಇದೆಯೇ ಎಂಬ ಜಾಗದಲ್ಲಿ "ಇಲ್ಲ" ಎಂದು ಬರೆದೆ. ಅದು ದೇವರಾಣೆಗೂ ನಿಜ. ರಕ್ತ ಕೊಟ್ಟುಬಂದೆ, ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯೂ ಚೊಕ್ಕವಾಗಿ ಬಂತು. ಇನ್ನು ಉಳಿದದ್ದು ಕಂಪನಿಯ ಡಾಕ್ಟರ್ ಫೋನಿನಲ್ಲಿ ನಾಲ್ಕು ಪ್ರಶ್ನೆ ಕೇಳುವುದು.

ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಸಕ್ಕರೆ ಕಾಯಿಲೆ ಇಲ್ಲ, ಆದರೆ ಇದೆ ಎಂದು ಮೂವತ್ತು ವರ್ಷದಿಂದ ನಾನೇ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಮನೆಮನೆ ತಿರುಗುವವರಿಗೆ ಇದು ಅರ್ಥವಾಗುತ್ತದೆ. ದಿನಕ್ಕೆ ಇಪ್ಪತ್ತು ಮನೆ, ಮನೆಗೊಂದು ಚಹಾ. ನಮ್ಮ ಕಡೆ ಚಹಾ ಬ್ಯಾಡ ಅಂದರೆ ಒಪ್ಪುವವರು ಯಾರು? "ಬಿಸಿಲಾಗ ಬಂದೀರಿ, ಕುಂದ್ರಿ, ಒಂದ ಗುಟುಕು" ಅನ್ನುತ್ತಾರೆ. ಕಬ್ಬು ಬೆಳೆಯುವ ಸೀಮೆ, ಚಮಚ ನಿಲ್ಲುವಷ್ಟು ಸಕ್ಕರೆ ಹಾಕುತ್ತಾರೆ. ಹೊಟ್ಟೆ ತುಂಬಿದೆ ಎಂದರೆ ಬಿಡುವುದಿಲ್ಲ, ಈಗ ಕುಡಿದೆ ಎಂದರೆ ಬಿಡುವುದಿಲ್ಲ. "ನನಗ ಸಕ್ಕರಿ ಕಾಯಿಲೆ ಐತ್ರಿ" ಎಂದರೆ ಮಾತ್ರ ಗಪ್ ಆಗುತ್ತಾರೆ. ಆಗೆಲ್ಲ ಅದು ಶ್ರೀಮಂತರ ಕಾಯಿಲೆ. ಹೇಳಿಕೊಂಡರೆ ಮರ್ಯಾದೆಯೂ ಒಂದು ಹಿಡಿ ಹೆಚ್ಚು ಸಿಗುತ್ತಿತ್ತು. ಮೊದಲ ಸಲ ಈ ಸುಳ್ಳು ಹೇಳಿದ್ದು ಇಪ್ಪತ್ತು ಚಹಾದ ಕಾಟಕ್ಕಲ್ಲ, ಬೇರೆ ಕಾರಣಕ್ಕೆ. ಅದಕ್ಕೆ ಆಮೇಲೆ ಬರುತ್ತೇನೆ.

ಎಮ್ಮಿಗನೂರಿನಲ್ಲಿ ಹೇಳಿದ ಮಾತು ನಾನು ಕಂಪ್ಲಿ ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಅಲ್ಲಿ ಬಂದು ಕುಂತಿತ್ತು. ವಾರದೊಳಗೆ ಹೊಸಪೇಟೆಯ ಓಣಿಗೂ ಬಂತು. ಆಮೇಲೆ ಜನ ತೋರಿಸಿದ ಪ್ರೀತಿ ಇದೆಯಲ್ಲ, ಅಯ್ಯೋ, ಅದನ್ನು ತಡೆದುಕೊಳ್ಳುವುದು ಕಾಯಿಲೆಗಿಂತ ಕಷ್ಟ. ಯಾವ ಮನೆಗೆ ಹೋದರೂ ನನಗಾಗಿ ಹಾಗಲಕಾಯಿ ಎತ್ತಿಟ್ಟಿರುತ್ತಿದ್ದರು. ಬೇವಿನ ಚಿಗುರು ಅರೆದು ಉಂಡೆ ಕಟ್ಟಿ ಕೈಗಿಟ್ಟು, ನುಂಗುವವರೆಗೆ ನೋಡುತ್ತ ನಿಲ್ಲುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಂದರೆ ಸಾಕು, ಈ ತುದಿಯಿಂದ ಆ ತುದಿಯವರೆಗೆ ಕೂಗು: "ಸಿಸ್ಟರ್‌ಗೆ ಹಾಕಬ್ಯಾಡ್ರಲೇ! ಸಕ್ಕರಿ ಐತಿ!" ಬಡಿಸುವವನು ನನ್ನ ಎಲೆಯ ಮೇಲೆ ಹಾವಿದೆಯೇನೋ ಎಂಬಂತೆ ಜಿಗಿದು ಮುಂದೆ ಹೋಗುತ್ತಿದ್ದ. ತುಪ್ಪದ ವಾಸನೆ ಮಾತ್ರ ನನಗೆ. ಮನೆಗೆ ಬಂದು ಬಾಗಿಲು ಹಾಕಿ, ಕಿಟಕಿ ಹಾಕಿ, ಗಂಡ ತಂದ ಜಿಲೇಬಿಯನ್ನು ಕಳ್ಳಿಯ ಹಾಗೆ ತಿನ್ನುತ್ತಿದ್ದೆ. ಬೆಳಿಗ್ಗೆ ಎದ್ದು, "ಡಾಕ್ಟ್ರ ಮುಂದ ಸುಳ್ಳು ಹೇಳಬ್ಯಾಡ್ರಿ" ಎಂದು ಬಸುರಿಯರಿಗೆ ಬುದ್ಧಿ ಹೇಳುತ್ತಿದ್ದವಳೂ ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಸರಿ, ಡಾಕ್ಟರ್ ಫೋನ್ ಬಂತು. ಎಂಜಿನ್ ಸದ್ದಿನಲ್ಲಿ ಕಿವಿ ಮಂದವಾದ ಗಂಡನಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ. ಮಾತೆಲ್ಲ ರೆಕಾರ್ಡ್ ಆಗುತ್ತದೆ ಎಂದು ಮೊದಲೇ ಹೇಳಿದರು. ಬಿಪಿ? ಇಲ್ಲ. ಆಪರೇಷನ್? ಇಲ್ಲ. ಸಕ್ಕರೆ ಕಾಯಿಲೆ? ಇಲ್ಲ. ಅದೇ ಹೊತ್ತಿಗೆ ಪಕ್ಕದ ಮನೆ ಯಕ್ಕ ನನಗೆಂದು ಹಾಗಲಕಾಯಿ ಪಲ್ಯದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅಯ್ಯ ಶಿವನೇ! ಇಲ್ಲ ಯಾಕಂತೀ? ಮೂವತ್ತು ವರ್ಷದ ಸಕ್ಕರಿ ಐತ್ರಿ ಡಾಕ್ಟ್ರ ಆಕೀಗೆ! ಪಾಪ, ಒಂದ ದಿನ ಒಂದ ತುಣುಕು ಹೋಳಿಗಿ ತಿಂದಾಕೀ ಅಲ್ಲ!"

ನಾನು ಕೈಮುಗಿದೆ, ಹಣೆ ಬಡಿದುಕೊಂಡೆ, ತಟ್ಟೆ ಕಸಿದುಕೊಂಡೆ. ಯಕ್ಕ ಅದನ್ನೆಲ್ಲ ನೋವಿನ ಲಕ್ಷಣ ಎಂದುಕೊಂಡಳು. "ನೋಡ್ರಿ, ಈಗನೂ ತ್ರಾಸ್ ಆಗಾಕ ಹತ್ತೈತಿ!" ಎಂದು ಫೋನಿನ ಹತ್ತಿರವೇ ಬಂದು ಹೇಳಿದಳು. ಅತ್ತ ಕಡೆ ಡಾಕ್ಟರ್ ಥ್ಯಾಂಕ್ ಯೂ ಮೇಡಂ ಎಂದು ಫೋನ್ ಇಟ್ಟರು.

ಏಜೆಂಟಮ್ಮ ಮರುದಿನ ತಲೆ ಹಿಡಿದುಕೊಂಡು ಬಂದಳು. ಗುಳಿಗೆ ತಿಂದು ಹತೋಟಿಯಲ್ಲಿಟ್ಟುಕೊಂಡರೂ ರಕ್ತದಲ್ಲಿ ಹೀಗೇ ಚೆನ್ನಾಗಿ ಬರುತ್ತದೆ, ಕಾಯಿಲೆ ಮುಚ್ಚಿಟ್ಟಿದ್ದಾರೆ ಎಂದು ಕಂಪನಿಗೆ ಅನುಮಾನ ಬಂದಿದೆ, ವಿಚಾರಣೆಗೆ ಒಬ್ಬ ಬರುತ್ತಾನೆ ಎಂದಳು. "ಆತ ಬರಿಯೋದ್ರ ಮ್ಯಾಲ ಐತ್ರಿ ಎಲ್ಲಾ. ಇದ್ರಾಗ ಫೇಲ್ ಆದ್ರ ಬ್ಯಾರೆ ಕಂಪನೀನೂ ತಿರುಗಿ ನೋಡಂಗಿಲ್ಲ." ಗಂಡ ಎದ್ದುಹೋಗಿ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತರು. ಕೋಣೆಯ ಗಡುವಿಗೆ ಹದಿನೆಂಟು ದಿನ ಉಳಿದಿತ್ತು. ಅವರು ನನಗೊಂದು ಬೈದಿದ್ದರೆ ನಾನೂ ನಾಲ್ಕು ಅನ್ನಬಹುದಿತ್ತು. ಬೈಯಲಿಲ್ಲ, ಅದೇ ನನಗೆ ಸಂಕಟವಾಯಿತು.

ಆ ಮನುಷ್ಯ ನಮ್ಮ ಓಣಿಗೆ ಬಂದು ಮನೆಮನೆ ಕೇಳಿದ. ನನ್ನ ಮೇಲಿನ ಪ್ರೀತಿಗೆ ಜನ ಪೈಪೋಟಿಗೆ ಬಿದ್ದರು. ಒಬ್ಬರು ಮೂವತ್ತು ವರ್ಷ ಅಂದರೆ ಇನ್ನೊಬ್ಬರು ಹುಟ್ಟಿನಿಂದ ಅಂದರು. ಹಾಲಿನ ಅಂಗಡಿಯವನಂತೂ, "ಒಂದ ಕಾಲ್ಬೆರಳು ತೆಗೆಸ್ಯಾರಂತ್ರಿ ಪಾಪ, ಯಾರಿಗೂ ತೋರ್ಸಂಗಿಲ್ಲ" ಎಂದು ಕಣ್ಣೀರು ಹಾಕಿಕೊಂಡನಂತೆ. ಹಾಗಾಗಿ ನಮ್ಮ ಮನೆಯಲ್ಲಿ ಸ್ಟೂಲು, ಪಾದ, ಎಣಿಕೆ. ಹೋಗುವಾಗ ಆತ, "ನಾಳೆ ನೀವು ಕೆಲಸ ಮಾಡಿದ ಕಡೆ ಹೋಗಿ ಕೇಳ್ತೀನ್ರಿ" ಅಂದ.

ನಾನು ಮರುದಿನ ಬೆಳಿಗ್ಗೆ ಕಂಪ್ಲಿ ಬಸ್ಸು ಹತ್ತಿದೆ. ಆತನಿಗಿಂತ ಮೊದಲು ಹೋಗಿ ಎಲ್ಲರಿಗೂ ನಿಜ ಹೇಳಿಬಿಡುವುದು ನನ್ನ ಲೆಕ್ಕ. ಕಮಲಾಪುರದಲ್ಲಿ ಬಾಳೆಹಣ್ಣು ಮಾರುವವಳು ಹತ್ತಿದಳು, ಹಳೆಯ ಪರಿಚಯ. ಅವಳಿಂದಲೇ ಶುರುಮಾಡಿದೆ. "ನನಗ ಸಕ್ಕರಿ ಕಾಯಿಲೆ ಇಲ್ಲವಾ. ಎಂದೂ ಇರಲಿಲ್ಲ. ಸುಳ್ಳು ಹೇಳಿದ್ದೆ." ಅವಳು ನನ್ನ ಕೈ ಹಿಡಿದು, ದನಿ ತಗ್ಗಿಸಿ, ಕಣ್ಣು ಮಿಟುಕಿಸಿದಳು. "ಗೊತ್ತಾತು ಬಿಡ್ರಿ. ಪರದೇಶಕ್ಕ ಹೋಗಾಕ ಹಂಗ ಹೇಳಬೇಕಲ್ಲ. ಯಾರರ ಕೇಳಿದ್ರ ಇಲ್ಲಂತೀವಿ. ನೀವೇನೂ ಚಿಂತಿ ಮಾಡಬ್ಯಾಡ್ರಿ." ನಾನು ಹೇಳುತ್ತಿರುವುದು ನಿಜ ಎಂದೆ. "ಹಂಗ ಹೇಳಬೇಕು ನೋಡ್ರಿ, ಮುಖ ಗಟ್ಟಿ ಮಾಡ್ಕೊಂಡು!" ಎಂದು ಬೆನ್ನು ಚಪ್ಪರಿಸಿದಳು.

ಕಂಪ್ಲಿಯಲ್ಲಿ ಇಳಿದು ಪರಿಚಯದ ಐದಾರು ಮನೆ ತಿರುಗಿದೆ. ಎಲ್ಲ ಕಡೆಯೂ ಅದೇ ಕಣ್ಣುಮಿಟುಕು. ಮೂವತ್ತು ವರ್ಷ ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದ ಜನ, ಒಂದು ದಿನ ನಿಜ ಹೇಳಿದರೆ ನಂಬುತ್ತಿಲ್ಲ! ನನಗೆ ಸಿಟ್ಟು ನೆತ್ತಿಗೇರಿತು. ಒಂದು ಮನೆಯಲ್ಲಿ, "ತರ್ರಿ ಚಹಾ, ಸಕ್ಕರಿ ಹಾಕಿ ತರ್ರಿ, ನಿಮ್ಮ ಮುಂದ ಕುಡೀತೀನಿ" ಎಂದು ಕುಂತೆ. ನನಗೆ ಕೊಡಲು ಅವರಿಗೆ ಧೈರ್ಯವಾಗಲಿಲ್ಲ. ಮನೆಯವರಿಗೆಂದು ಮಾಡಿದ್ದನ್ನು ನಾನೇ ತೆಗೆದುಕೊಂಡು ಗಟಗಟ ಕುಡಿದೆ. ಸೊಸೆ ಕಿರುಚಿದಳು, ಅತ್ತೆ ನನ್ನ ಅಂಗಾಲು ತಿಕ್ಕತೊಡಗಿದಳು, ಮಾವ ಆಟೋ ತರಲು ಓಡಿದ. ನಾನು ಸಾಯುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಒಂದು ತಾಸು ಎದ್ದೇಳಲು ಬಿಡಲಿಲ್ಲ. ಅಲ್ಲಿಂದ ಹೊರಟಾಗ ಆಟೋದವನಿಗೆ ಆಸ್ಪತ್ರೆ ಬೇಡ ಎಂದು ತಿಳಿಹೇಳಿ ಎಮ್ಮಿಗನೂರಿಗೆ ನಡಿ ಅಂದೆ.

ಎಮ್ಮಿಗನೂರಿನಲ್ಲಿ ಅಕ್ಕಿ ಗಿರಣಿಯವರ ದೊಡ್ಡ ಮನೆ ಇದೆ. ನನ್ನ ಸುಳ್ಳು ಹುಟ್ಟಿದ್ದು ಆ ಮನೆಯ ಜಗಲಿಯ ಮೇಲೆ. ಕೆಲಸಕ್ಕೆ ಸೇರಿದ ಹೊಸದು, ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು. ಆ ಮನೆಯ ಕೂಸಿಗೆ ಲಸಿಕೆ ಹಾಕಿ, ಅಳು ನಿಲ್ಲಿಸಲು ಎತ್ತಿಕೊಂಡು ಆಡಿಸಿದ್ದೆ. ಸೊಸೆ ಚಹಾ ತಂದಳು. ಒಳಗಿಂದ ಸ್ಟೀಲಿನ ಲೋಟ ಬರಲಿಲ್ಲ. ಜಗಲಿಯ ಗೋಡೆಯ ಗೂಡಿನಲ್ಲಿ ಒಂದು ಗಾಜಿನ ಲೋಟ ಕವುಚಿ ಇಟ್ಟಿತ್ತು, ನಮ್ಮ ಕೇರಿಯವರು ಬಂದರೆ ಕೊಡುವ ಲೋಟ. ಅದನ್ನು ನಾನೇ ತೆಗೆದು ಹಿಡಿಯಬೇಕು, ಅವಳು ಮೇಲಿಂದ ಸುರಿಯಬೇಕು, ಕುಡಿದು ನಾನೇ ತೊಳೆದಿಡಬೇಕು. ಮಗುವನ್ನು ಎತ್ತಲು ನನ್ನ ಕೈ ಆಗುತ್ತಿತ್ತು, ಲೋಟ ಮಾತ್ರ ಬೇರೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಎರಡನ್ನೂ ತೋರಿಸುವ ಹಾಗಿರಲಿಲ್ಲ, ಹೊಸ ನೌಕರಿ. ಬಾಯಿಗೆ ಬಂದದ್ದು ಹೇಳಿದೆ: "ಬ್ಯಾಡ್ರಿ ಅಮ್ಮಾರ, ನನಗ ಸಕ್ಕರಿ ಕಾಯಿಲೆ ಐತಿ." ಆಮೇಲೆ ಅಷ್ಟೂ ವರ್ಷ ಆ ಮನೆಯಲ್ಲಿ ನೀರು ಕೂಡ ಕುಡಿಯಲಿಲ್ಲ. ಗಂಡನಿಗೂ ಇದನ್ನು ಹೇಳಿರಲಿಲ್ಲ.

ಆ ಸೊಸೆ ಈಗ ಮುದುಕಿ, ಮನೆಯ ಯಜಮಾನಿ. ಜಗಲಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನು ಆಟೋ ಇಳಿದು ಮೆಟ್ಟಿಲ ಹತ್ತಿರ ನಿಂತದ್ದು ಕಂಡು, "ಬಾ ಸಿಸ್ಟರಮ್ಮ. ನಿನ್ನ ವಿಮಾದಾವ ಬೆಳಿಗ್ಗೆನ ಬಂದು ಹೋದ" ಅಂದಳು.

ನನ್ನ ಜೀವ ಹೋಯಿತು. "ಏನ್ ಹೇಳಿದ್ರಿ ಅಮ್ಮಾರ?"

"ನಿನಗ ಸಕ್ಕರಿ ಇಲ್ಲಂತ ಹೇಳಿದೆ."

ನಾನು ಮೆಟ್ಟಿಲ ಮೇಲೆ ಕೂತೆ. ಮುದುಕಿ ಬೆಳ್ಳುಳ್ಳಿಯಿಂದ ಕಣ್ಣು ಎತ್ತಲಿಲ್ಲ.

"ಅವತ್ತ ನೀನು ಚಹಾ ಬ್ಯಾಡ ಅಂದು ಹೋದೆಲ್ಲ, ನಾನು ಮಾಳಿಗಿ ಮ್ಯಾಲ ಬಟ್ಟಿ ಒಣ ಹಾಕಾಕ ಹೋದೆ. ಬಸ್ ಸ್ಟ್ಯಾಂಡಿನ ಗಾಣದ ಮುಂದ ನಿಂತು ಕಬ್ಬಿನ ಹಾಲು ಕುಡ್ಯಾಕ ಹತ್ತಿದ್ದಿ. ಒಂದಲ್ಲ, ಎರಡು ಗ್ಲಾಸು. ಎರಡನೇದ ಕುಡಿವಾಗ ಸೆರಗಿಲೆ ಕಣ್ಣ ಒರಸ್ಕೊಂಡಿ. ಆಗ ತಿಳೀತು ನನಗ."

"ತಿಳಿದೂ ಸುಮ್ನಿದ್ರೇನು?" ನನ್ನ ದನಿ ಓಣಿಗೆಲ್ಲ ಕೇಳುವಷ್ಟು ಏರಿತು. "ಮೂವತ್ತು ವರ್ಷ ಊರ ಮಂದಿ ಕೊಟ್ಟ ಹಾಗಲಕಾಯಿ ತಿಂದೀನ್ರೀ ನಾನು! ಬೇವಿನ ಉಂಡಿ ನುಂಗೀನಿ!"

"ನಾನೂ ನೋಡೀನಿ, ನುಂಗೋದು" ಎಂದಳು ಮುದುಕಿ. ಅವಳ ತುಟಿಯ ತುದಿಯಲ್ಲಿ ನಗು ಬಂದು ಅಲ್ಲೇ ನಿಂತಿತು. "ಮೊದಲು ನಮ್ಮತ್ತಿ ಇದ್ದಳು, ಆಕಿ ಅಂಜಿಕಿ ಅಂತ ಅಂದ್ಕೊಂಡೆ. ಆಕಿ ಸತ್ತ ಮ್ಯಾಲೂ ಎಷ್ಟೋ ವರ್ಷ ಆ ಲೋಟ ಗೂಡಿನಾಗ ಇತ್ತಲ್ಲ, ಅದು ಯಾರ ತಪ್ಪು? ನಂದ. ನಿನಗ ಹೇಳಾಕ ನಾಚಿಕಿ. ಇವತ್ತ ಆ ಮನಿಷ್ಯಾಗ ಎಲ್ಲಾ ಹೇಳೀನಿ. ಸಿಸ್ಟರಮ್ಮ ಯಾಕ ಸುಳ್ಳು ಹೇಳ್ಯಾಳ ಅಂತನೂ ಬರ್ಕೊಳ್ಳಪ್ಪ ಅಂದೆ. ಬರ್ಕೊಂಡ. ಹೆಬ್ಬೆಟ್ಟೂ ಒತ್ತೀನಿ."

ನಾನು ಗೂಡಿನ ಕಡೆ ನೋಡಿದೆ. ಅದರೊಳಗೆ ಮೊಬೈಲ್ ಚಾರ್ಜಿಗೆ ಹಾಕಿದ್ದರು.

ಮುದುಕಿ ಒಳಗೆ ಹೋಗಿ ಬಹಳ ಹೊತ್ತಾದ ಮೇಲೆ ತಟ್ಟೆ ಹಿಡಿದು ಬಂದಳು. ಅದರಲ್ಲಿ ಎರಡು ಸ್ಟೀಲಿನ ಲೋಟ, ಎರಡೂ ಒಂದೇ ಅಳತೆಯವು, ಎರಡರಲ್ಲೂ ಚಹಾ. "ಒಳಗ ಬಾ. ಇದ್ರಾಗ ನಿನಗ ಯಾವ್ದು ಬೇಕೋ ತೊಗೋ. ಉಳಿದಿದ್ದು ನಾನು ಕುಡೀತೀನಿ" ಅಂದಳು. ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಒಂದು ಲೋಟ ತೆಗೆದುಕೊಂಡೆ. ಗುಟುಕರಿಸಿದರೆ, ಯಪ್ಪಾ, ಪಾಯಸ! ಗಂಟಲಿಗೆ ಅಂಟಿಕೊಳ್ಳುವಷ್ಟು ಸಿಹಿ. ಮೂವತ್ತು ವರ್ಷದ್ದನ್ನೆಲ್ಲ ಮುದುಕಿ ಒಂದೇ ಸಲಕ್ಕೆ ಹಾಕಿದ್ದಳು. ನಾವಿಬ್ಬರೂ ತಳ ಕಾಣುವವರೆಗೆ ಕುಡಿದೆವು. ತೊಳೆಯಲು ಎದ್ದರೆ ನನ್ನ ಕೈಯಿಂದ ಲೋಟ ಕಸಿದುಕೊಂಡಳು.

ಅಂದು ಮನೆಗೆ ಹೋಗಿ ಗಂಡನಿಗೆ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ತಮಗೆ ಬಸ್ಸಿನಲ್ಲೇ ಹೇಳಬಹುದಿತ್ತಲ್ಲ, ಅಷ್ಟು ವರ್ಷ ಒಟ್ಟಿಗೇ ಬಂದೆವಲ್ಲ ಎಂದರು. ಡ್ರೈವರ್ ಜೊತೆ ಮಾತಾಡಬಾರದು ಎಂದು ನಿಮ್ಮ ತಲೆಯ ಮೇಲೇ ಬರೆದಿತ್ತು ಅಂದೆ. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ಹೊರಗೆ ಹೋಗಿ ಜಿಲೇಬಿ ತಂದರು. ಆ ದಿನ ಬಾಗಿಲು, ಕಿಟಕಿ ಎರಡೂ ತೆರೆದಿಟ್ಟು ತಿಂದೆವು. ಪಕ್ಕದ ಮನೆ ಯಕ್ಕ ನೋಡಿ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತಳು.

ಗಡುವಿಗೆ ಐದು ದಿನ ಇರುವಾಗ ಏಜೆಂಟಮ್ಮನ ಫೋನ್ ಬಂತು. "ಪಾಸ್ ಆತ್ರಿ ಸಿಸ್ಟರ್! ಇಬ್ಬರ ವಿಮಾನೂ ಪಾಸ್!" ಎಂದು ಕೂಗಿದಳು. ಆಮೇಲೆ ದನಿ ಇಳಿಸಿ, ವಿಚಾರಣೆಯವನ ವರದಿ ಅವಳ ಮುಂದೆಯೇ ಇದೆ, ಅದರಲ್ಲಿ ಒಂದು ಸಾಲು ಅರ್ಥವಾಗುತ್ತಿಲ್ಲ ಎಂದಳು. ಓದು ಅಂದೆ. ಓದಿದಳು: ಅರ್ಜಿದಾರರಿಗೆ ಸಕ್ಕರೆ ಕಾಯಿಲೆ ಇಲ್ಲ. ಕಾಲ್ಬೆರಳು ಹತ್ತು, ಸ್ವತಃ ಎಣಿಸಲಾಗಿದೆ. ಕಾಯಿಲೆ ಇದೆ ಎಂದು ಊರಲ್ಲಿ ಹೇಳಿಕೊಂಡಿದ್ದಕ್ಕೆ ಕಾರಣ: ಲೋಟ.

"ಲೋಟ ಅಂದ್ರ ಏನ್ರಿ ಸಿಸ್ಟರ್? ತಪ್ಪು ಬರ್ದಾನೇನು? ತಿದ್ದಸ್ಲೇನು?"

"ಬ್ಯಾಡವಾ, ಸರಿ ಬರ್ದಾನ" ಅಂದೆ. "ಅದು ಹಂಗ ಇರ್ಲಿ."